ಅರ್ಜಿ ಹಾಕೋದು ಬಿಟ್ಟು ಜಿಎಸ್‌ಟಿ ಬಿಲ್ಲು ಹಿಡಿದೆ: ಬನಹಟ್ಟಿಯಲ್ಲೇ ಕೆಲಸ ಸಿಕ್ಕ ನನ್ನ ಅನುಭವ

ಬಿ.ಕಾಂ ಮುಗಿಸಿ ಊರಲ್ಲೇ ಇದ್ದು ಕೆಲಸ ಹುಡುಕುತ್ತೇನೆ ಎಂದಾಗ ಯಾರೂ ನಂಬಲಿಲ್ಲ. "ಮಗ್ಗದೂರಾಗ ನಿನಗ ಯಾವ ಸಾವ್ಕಾರ ಪಗಾರ ಕೊಡ್ತಾನೋ ಅಳಿಯಾ, ಬೆಂಗಳೂರು ಗಾಡಿ ಹತ್ತು" ಎಂದು ಮಾವ ಖರ್ಚಿಗೆ ದುಡ್ಡೂ ತೆಗೆದಿಟ್ಟಿದ್ದರು. ಈಗ ಅದೇ ಮಾವ ತಮ್ಮ ಗೆಳೆಯರ ಮಕ್ಕಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಬಂದವರಿಗೆಲ್ಲ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್), ಜಿಎಸ್‌ಟಿಯ 2ಬಿ (ಮಾಲು ಕೊಟ್ಟವರು ತೋರಿಸಿದ ಬಿಲ್ಲುಗಳಿಂದ ಕೊಂಡವನಿಗೆ ತಾನಾಗಿ ಬರುವ ಪಟ್ಟಿ), 3ಬಿ (ತೆರಿಗೆ ಕಟ್ಟುವ ರಿಟರ್ನ್) ಗೊತ್ತಿರುವವರಿಗೆ ಮಾತ್ರ ಇದು.

ನಾನು ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯದಿಂದ ಪಾಸಾಗಿದ್ದು 2023ರಲ್ಲಿ. ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. ಫೋನಿನಲ್ಲಿ ಅರ್ಜಿ, ಉದ್ಯೋಗ ಮೇಳ, ಬ್ಯಾಂಕ್ ಕ್ಲರ್ಕ್ ಪರೀಕ್ಷೆ. ಹುಬ್ಬಳ್ಳಿಯ ಒಂದು ಏಜೆನ್ಸಿ ನೋಂದಣಿ ಎಂದು ಸುಮಾರು ಮೂರು ಸಾವಿರ ಕಟ್ಟಿಸಿಕೊಂಡು, ಬೆಂಗಳೂರಿನಲ್ಲಿ ಕ್ರೆಡಿಟ್ ಕಾರ್ಡ್ ಮಾರುವ ಕೆಲಸ ತೋರಿಸಿತು. ಪಗಾರ ಹದಿನಾಲ್ಕು ಸಾವಿರ. ಪಿಜಿಗೆ ಏಳು, ಊಟ ಬಸ್ಸಿಗೆ ನಾಲ್ಕೈದು. ಮನೆಗೆ ಕಳಿಸುವ ಮಾತು ಹಾಗಿರಲಿ, ಹಬ್ಬಕ್ಕೆ ಊರಿಗೆ ಬರಲೂ ಮನೆಯಿಂದಲೇ ಹಣ ತರಿಸಬೇಕು. ಬೇಡ ಎಂದೆ. 2024ರ ಜನವರಿಯಿಂದ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ ಶುರುವಾಯಿತು, ತಿಂಗಳಿಗೆ 3,000. ಅದರಲ್ಲೇ ರೀಚಾರ್ಜ್, ಝೆರಾಕ್ಸ್, ಬಸ್ಸು ಎಲ್ಲ ನಡೆಯಿತು. ಆ ಹಣ ಇರದಿದ್ದರೆ ಮುಂದಿನದನ್ನು ಪ್ರಯತ್ನಿಸುವಷ್ಟು ಕಾಯಲು ನನ್ನಿಂದ ಆಗುತ್ತಿರಲಿಲ್ಲ.

ದಾರಿ ತೆರೆದದ್ದು 2024ರ ಅಕ್ಟೋಬರಿನಲ್ಲಿ. ನಮ್ಮೂರಿನ ಜವಳಿ, ನೂಲಿನ ಅಂಗಡಿಗಳಲ್ಲಿ ಖರೀದಿ ಬಿಲ್ಲುಗಳನ್ನು ದಿವಾನಜಿ (ಅಂಗಡಿಯ ಗುಮಾಸ್ತ) ಕಟ್ಟು ಕಟ್ಟಿ ಇಡುತ್ತಾನೆ, ರಿಟರ್ನ್ ತುಂಬುವವರು ಬೇರೆ. ಬಿಲ್ಲಿಗೂ 2ಬಿಗೂ ತಾಳೆ ನೋಡುವವರು ಯಾರೂ ಇಲ್ಲ. ಮಾಲು ಕೊಟ್ಟವನು ಬಿಲ್ಲನ್ನು ತನ್ನ ಜಿಎಸ್‌ಟಿಆರ್-1ರಲ್ಲಿ (ಮಾರಾಟದ ರಿಟರ್ನ್) ತೋರಿಸದಿದ್ದರೆ ಕೊಂಡವನ ಐಟಿಸಿ, ಅಂದರೆ ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳುವ ಕ್ರೆಡಿಟ್, ಅಲ್ಲೇ ನಿಂತಿತು. 2023-24ರ ಬಾಕಿ ಕ್ರೆಡಿಟ್ ತೆಗೆದುಕೊಳ್ಳಲು ನವೆಂಬರ್ 30 ಕಡೆಯ ದಿನ. ಅಂದರೆ ನನ್ನ ಕೈಯಲ್ಲಿ ಐದಾರು ವಾರ ಇತ್ತು, ಸಾವ್ಕಾರರ ದುಡ್ಡು ಹೋಗುವುದರಲ್ಲಿತ್ತು.

ಬಯೋಡಾಟಾ ಒಯ್ಯಲಿಲ್ಲ. ಹಾಗಂತ ಸುಲಭವಾಗಲೂ ಇಲ್ಲ. "ನಮ್ಮ ಸಿಎ ನೋಡ್ತಾರ" ಎಂದು ಹತ್ತಾರು ಅಂಗಡಿಯವರು ಬಾಗಿಲಲ್ಲೇ ಕಳಿಸಿದರು. ಪುಕ್ಕಟೆ ಮಾಡಿಕೊಡುತ್ತೇನೆ ಎಂದ ಕಡೆ ನೀರು ತರಲು, ಪಾರ್ಸಲ್ ಇಳಿಸಲು ಹೇಳಿದರು. ಪುಕ್ಕಟೆ ಎಂಬ ಮಾತು ನಮ್ಮ ಕೆಲಸದ ಬೆಲೆ ಕೊಲ್ಲುತ್ತದೆ, ಅದನ್ನು ಬಾಯಲ್ಲಿ ತರಲೇಬೇಡಿ. ಜಿಎಸ್‌ಟಿ ಪೋರ್ಟಲ್ಲಿನ ಪಾಸ್‌ವರ್ಡ್ ಕೇಳಿದರೆ ಸಂಶಯ. ಆಮೇಲೆ ಕೇಳಿದ್ದು ಇಷ್ಟೇ: "ಸಾವ್ಕಾರ್ರ, ಒಂದ ತಿಂಗಳದ ಬಿಲ್ ಕಟ್ಟು ಕೊಡ್ರಿ. 2ಬಿ ನಿಮ್ಮವರ ಕಡಿಂದ ನಿಮ್ಮ ಫೋನಿಗೇ ತರಿಸ್ರಿ. ಇಲ್ಲೇ ಕುಂತು ನೋಡಿ ಹೇಳ್ತೀನಿ."

ಒಬ್ಬ ನೂಲಿನ ವ್ಯಾಪಾರಿ ಒಪ್ಪಿದರು. ಮಹಾರಾಷ್ಟ್ರದ ಇಚಲಕರಂಜಿಯಿಂದ ಮಾಲು ತರುವವರು. ಮಧ್ಯಾಹ್ನದೊಳಗೆ ಒಂದೇ ತಿಂಗಳ ಬಿಲ್ಲುಗಳಲ್ಲಿ ಎಂಟೊಂಬತ್ತು ಸಾವಿರದ ನಿಂತ ಕ್ರೆಡಿಟ್ ಸಿಕ್ಕಿತು. ಸಂಜೆ ಇಡೀ ವರ್ಷದ ಕಟ್ಟು ತಂದು ಮುಂದಿಟ್ಟರು. ಒಟ್ಟು ಅರವತ್ತು ಸಾವಿರದ ಹತ್ತಿರ ನಿಂತಿತ್ತು. ಕೆಲವು ಬಿಲ್ಲಿನಲ್ಲಿ ಜಿಎಸ್‌ಟಿ ನಂಬರಿನ ಒಂದಕ್ಷರ ತಪ್ಪು, ಕೆಲವನ್ನು ಮಾಲು ಕೊಟ್ಟವರು ಬಿಟುಸಿಯಲ್ಲಿ (ಜಿಎಸ್‌ಟಿ ನಂಬರಿಲ್ಲದ ಗಿರಾಕಿಗೆ ಮಾರಿದ ಲೆಕ್ಕದಲ್ಲಿ) ಹಾಕಿದ್ದರು. ಎರಡು ಕಡೆಯವರು ಮೂರು ತಿಂಗಳಿಗೊಮ್ಮೆ ತುಂಬುವವರು, ಅವರ ಬಿಲ್ಲು ಮುಂದಿನ ತಿಂಗಳುಗಳಲ್ಲಿ ಬಂದು ಬಿದ್ದಿದ್ದರೂ ಯಾರೂ ಎತ್ತಿಕೊಂಡಿರಲಿಲ್ಲ. ಇಚಲಕರಂಜಿಯ ಲೆಕ್ಕದವರಿಗೆ ದಿನಾ ಫೋನು ಹಚ್ಚಿದೆ. ಮರಾಠಿ ಬರುತ್ತಿದ್ದದ್ದಕ್ಕೇ ಅರ್ಧ ಕೆಲಸ ಆಯಿತು. ನಮ್ಮ ಗಡಿಭಾಗದ ಹುಡುಗರು ಇದನ್ನು ಬಯೋಡಾಟಾದಲ್ಲಿ ಬರೆಯುವುದೇ ಇಲ್ಲ. ನವೆಂಬರಿನಲ್ಲಿ ತುಂಬಿದ 3ಬಿಯಲ್ಲಿ ಸುಮಾರು ನಲವತ್ತೈದು ಸಾವಿರ ಬಂತು. ಉಳಿದದ್ದು ನೋಂದಣಿ ರದ್ದಾದವನ ಬಿಲ್ಲು, ಮುಳುಗಿತು.

ಅವರು ನೂರಕ್ಕೆ ಹತ್ತು ಕೊಡುತ್ತೇನೆ ಎಂದರು. ನಾನು ತಿಂಗಳಿಗೆ 1,500 ಕೇಳಿದೆ. ಪರ್ಸೆಂಟೇಜ್ ಒಂದು ಸಲ ಬಂದು ಹೋಗುತ್ತದೆ, ಮುಂದಿನ ಸಲ ಲೆಕ್ಕದಲ್ಲಿ ಜಗಳ ಬರುತ್ತದೆ. ಮೊದಲ ಪಗಾರ ಬಂದ ತಿಂಗಳೇ ಕೆಲಸ ಇಲ್ಲ ಎಂದು ಕೊಡುವ ಯುವನಿಧಿಯ ಸ್ವಯಂ ಘೋಷಣೆ ನಿಲ್ಲಿಸಿದೆ.

ನಡುವೆ ಮಹಾಲಿಂಗಪುರಕ್ಕೂ ಹೋಗಿ ನೋಡಿದೆ. ಬೆಲ್ಲದ ಪೇಟೆ ಅಷ್ಟು ದೊಡ್ಡದು, ಅಡತಿ ಅಂಗಡಿಗಳು ಸಾಲಾಗಿವೆ. ಆದರೆ ಬಿಡಿ ಬೆಲ್ಲಕ್ಕೆ ಜಿಎಸ್‌ಟಿಯೇ ಇಲ್ಲ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ್ದಕ್ಕೆ ಮಾತ್ರ ನೂರಕ್ಕೆ 5. ತೆರಿಗೆ ಇಲ್ಲದಲ್ಲಿ ನಿಂತ ಕ್ರೆಡಿಟ್ಟೂ ಇಲ್ಲ. ವಾರ ಪೂರ್ತಿ ತಿರುಗಿದ್ದಕ್ಕೆ ಒಂದು ಪ್ಯಾಕಿಂಗ್ ಘಟಕ ಸಿಕ್ಕಿತು, ಅದೂ ಕೈಗಡ ಲೆಕ್ಕದ ಕೆಲಸಕ್ಕೆ. ಖರೀದಿಯಲ್ಲಿ ಹೆಚ್ಚು ತೆರಿಗೆ ಕಟ್ಟುವ ವ್ಯಾಪಾರವನ್ನೇ ಹಿಡಿಯಬೇಕು. ಆಗ ಪಾಲಿಯೆಸ್ಟರ್ ನೂಲಿಗೆ 12, ಸೀರೆಗೆ 5 ಇತ್ತು, ಹಾಗಾಗಿ ಮಗ್ಗದವರಲ್ಲಿ ಖರೀದಿಯಲ್ಲಿ ಹೆಚ್ಚಾಗಿ ಕಟ್ಟಿದ ತೆರಿಗೆ ವಾಪಸ್ ತರಿಸುವ ರಿಫಂಡಿನ ಕೆಲಸವೂ ಇತ್ತು. 2025ರ ಸೆಪ್ಟೆಂಬರ್ 22ರಿಂದ ನೂಲೂ 5ಕ್ಕೆ ಇಳಿದ ಮೇಲೆ ಆ ದಾರಿ ಸಣ್ಣದಾಗಿದೆ.

ದೊಡ್ಡ ಅಡ್ಡಿ ಬಂದದ್ದು ಟ್ಯಾಕ್ಸ್ ಕನ್ಸಲ್ಟಂಟರಿಂದ. ಗಿರಾಕಿ ಕಸಿಯುತ್ತೇನೆ ಎಂದು ಒಬ್ಬರು ಎರಡು ಅಂಗಡಿ ಬಿಡಿಸಿದರು. ನೇರ ಅವರ ಆಫೀಸಿಗೇ ಹೋದೆ. "ರಿಟರ್ನ್ ನೀವ ತುಂಬ್ರಿ ಅಣ್ಣಾರ, ತಾಳೆ ಪಟ್ಟಿ ನಾ ಹದಿನೈದು ಹದಿನಾರಕ್ಕ ನಿಮ್ಮ ಮೇಜಿನ ಮ್ಯಾಲೆ ಇಡ್ತೀನಿ" ಎಂದೆ. ಎರಡು ತಿಂಗಳು ನೋಡಿ, ಮೂರನೆಯ ತಿಂಗಳಿಗೆ ಅವರೇ ಅಂಗಡಿ ಕೊಡತೊಡಗಿದರು. 2025ರ ಬೇಸಿಗೆಗೆ ಏಳೆಂಟು ಅಂಗಡಿ, ಹನ್ನೊಂದು ಹನ್ನೆರಡು ಸಾವಿರ. ಮಳೆಗಾಲದಲ್ಲಿ ಅದೇ ನೂಲಿನ ಸಾವ್ಕಾರರು ಪೂರ್ತಿ ಲೆಕ್ಕಕ್ಕೆ ಕರೆದರು: ಹದಿನೆಂಟು ಸಾವಿರ, ಬೇರೆ ನಾಲ್ಕು ಅಂಗಡಿ ಸಂಜೆ ಮಾಡಿಕೊಳ್ಳಲು ಒಪ್ಪಿಗೆ. ನಮ್ಮ ಬ್ಯಾಚಿನಲ್ಲಿ ಬೆಂಗಳೂರಿಗೆ ಹೋದವರು ಕೈಯಲ್ಲಿ ಇದಕ್ಕಿಂತ ಹೆಚ್ಚು ಉಳಿಸುತ್ತಿಲ್ಲ.

ಯಾವ ಅಂಗಡಿಯಲ್ಲಿ ಕ್ರೆಡಿಟ್ ನಿಂತಿದೆ ಎಂದು ಒಳಗೆ ಹೋಗುವ ಮುಂಚೆಯೇ ಅಂದಾಜು ಮಾಡುವ ಒಂದು ಗುರುತು ನನ್ನ ಹತ್ತಿರ ಇದೆ. ಅದನ್ನೂ ನನ್ನ ಎಕ್ಸೆಲ್ ಹಾಳೆಯನ್ನೂ ಇಲ್ಲಿ ಹಾಕುವುದಿಲ್ಲ, ಅದು ನನ್ನ ಅನ್ನ. ಉಳಿದದ್ದು ಹೇಳುತ್ತೇನೆ. ತಿಂಗಳ 11ರಿಂದ 20ರವರೆಗೆ ಹೊಸ ಅಂಗಡಿಗೆ ಹೋಗಬೇಡಿ, ಎಲ್ಲರೂ ರಿಟರ್ನ್ ಗಡಿಬಿಡಿಯಲ್ಲಿರುತ್ತಾರೆ. ಸಂತೆಯ ದಿನವೂ ಬೇಡ. 2024ರ ಅಕ್ಟೋಬರಿನಲ್ಲಿ ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಐಎಂಎಸ್ (ಬಿಲ್ಲು ನಿರ್ವಹಿಸುವ ವ್ಯವಸ್ಥೆ) ಬಂದ ಮೇಲೆ ಬಂದ ಬಿಲ್ಲನ್ನು ಒಪ್ಪುವುದು, ತಿರಸ್ಕರಿಸುವುದು, ಬಾಕಿ ಇಡುವುದು ಕೊಂಡವನ ಕೈಗೆ ಬಂದಿದೆ. ಸಣ್ಣ ಅಂಗಡಿಯವರು ಇನ್ನೂ ಅದನ್ನು ತೆರೆದೂ ನೋಡಿಲ್ಲ. ಈ ವರ್ಷ ಶುರು ಮಾಡುವವರು ಅಲ್ಲಿಂದ ಹಿಡಿಯಿರಿ. ಗುಳೇದಗುಡ್ಡ, ಇಳಕಲ್ಲಿನ ಕಡೆ ನಾನಿನ್ನೂ ಹೋಗಿಲ್ಲ, ಅಲ್ಲಿಯವರಿಗೆ ಜಾಗ ಖಾಲಿ ಇದೆ.