ಆನ್‌ಲೈನ್ ಟೆಂಡರಿನ ಇಂಗಾಲದ ಲೆಕ್ಕ ಹಾಕುವ ಬಗೆ

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಖರೀದಿ ಆನ್‌ಲೈನ್ ಟೆಂಡರಿಗೆ ಬಂದುದರಿಂದ ಇಂಗಾಲದ ಹೊರಸೂಸುವಿಕೆ ಇಳಿಯಿತೇ ಎಂದು ತಿಳಿಯಲು ಮೊದಲು ಲೆಕ್ಕದ ಗಡಿಯನ್ನು, ತಾಲ್ಲೂಕೋ ಜಿಲ್ಲೆಯೋ ಎಂದು, ನಿಗದಿಪಡಿಸಿಕೊಳ್ಳಿ. ಬಳಿಕ ಖರೀದಿದಾರರು ಮಾರುಕಟ್ಟೆಗೆ ಬರದೆಯೇ ಬೆಲೆ ಹೇಳುವುದರಿಂದ ತಪ್ಪಿದ ಓಡಾಟವನ್ನು ಡೀಸೆಲ್‌ಗೆ ಪರಿವರ್ತಿಸಿ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೀಟರಿಗೆ 12 ಕಿ.ಮೀ. ಓಡುವ ವಾಹನದಲ್ಲಿ ಖರೀದಿದಾರನೊಬ್ಬ ಚಿತ್ರದುರ್ಗದಿಂದ ಬಂದುಹೋಗುವ ಸುಮಾರು 120 ಕಿ.ಮೀ. ಉಳಿದರೆ 27 ಕಿಲೋ ತಪ್ಪಿದಂತೆ. ಮಾಲಿನ ಲಾರಿ ಹೇಗಿದ್ದರೂ ಓಡಲೇಬೇಕು, ಅದನ್ನು ಉಳಿತಾಯಕ್ಕೆ ಸೇರಿಸಬೇಡಿ.

ಇನ್ನು ವಿದ್ಯುತ್ತು. ಟೆಂಡರಿನ ಕಂಪ್ಯೂಟರುಗಳು ಬಳಸಿದ ಯೂನಿಟ್‌ಗಳನ್ನು ದೇಶದ ಗ್ರಿಡ್‌ನ (ವಿದ್ಯುತ್ ಜಾಲದ) ಸರಾಸರಿಯಾದ, ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್‌ನಿಂದ ಗುಣಿಸಿದರೆ ಕಿಲೋ ಲೆಕ್ಕ ಸಿಗುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆಯೆಂದು ಇದನ್ನು ಸೊನ್ನೆ ಎನ್ನುವಂತಿಲ್ಲ. ಆ ವಿದ್ಯುತ್ತು ಸೇರುವುದು ಗ್ರಿಡ್‌ಗೆ. ಸರ್ವರ್ ಬೇರೆ ಊರಿನಲ್ಲಿದ್ದರೆ ಅದರ ಹೊಗೆ ಜಿಲ್ಲೆಯ ಲೆಕ್ಕಕ್ಕೆ ಬಾರದು, ಆದರೆ ಜಿಲ್ಲೆಯನ್ನು ಶುಚಿಯಾಗಿ ತೋರಿಸುವ ಈ ಮೋಸವನ್ನು ಪ್ರತ್ಯೇಕ ಸಾಲಿನಲ್ಲಿ ಬರೆದಿಡುವುದೇ ಲೇಸು.

ವಹಿವಾಟು ಸುಲಭವಾದ ಕಾರಣ ದೂರದ ಖರೀದಿದಾರರು ಸೇರಿ ಮಾಲು ಹೆಚ್ಚು ದೂರ ಸಾಗುತ್ತಿದ್ದರೆ, ಆ ಹೆಚ್ಚುವರಿ ಓಟವನ್ನು ಉಳಿತಾಯದಿಂದ ಕಳೆಯಿರಿ. ಲೀಟರಿಗೆ 4 ಕಿ.ಮೀ. ಓಡುವ ಲಾರಿ 40 ಕಿ.ಮೀ. ಹೆಚ್ಚಾಗಿ ಓಡಿದರೆ ಮೇಲಿನ 27 ಕಿಲೋ ಅಲ್ಲಿಗೇ ಮುಗಿಯಿತು.