ಜಕ್ಕಾಯನ ಕಥೆಯನ್ನು ನಾನು ಅರ್ಧಕ್ಕೆ ನಿಲ್ಲಿಸಿದ ದಿನ

2022ರ ಲೆಂಟ್ ಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು. ಆ 40 ದಿನಗಳಲ್ಲಿ ನಮ್ಮ ಸಭೆಯವರು ವಾರಕ್ಕೊಂದು ಮನೆಯಲ್ಲಿ ಪ್ರಾರ್ಥನಾ ಕೂಟ ಇಟ್ಟುಕೊಳ್ಳುತ್ತೇವೆ. ಆ ಬುಧವಾರ ದೇವರ ವಾಕ್ಯ ಹೇಳುವ ಸರದಿ ನನ್ನದಾಗಿತ್ತು. ಬೈಬಲಿನ ಲೂಕ 19ನೇ ಅಧ್ಯಾಯ ತೆಗೆದುಕೊಂಡಿದ್ದೆ. ಯೆರಿಕೋವಿನ ಸುಂಕದವರ ಮುಖ್ಯಸ್ಥ ಜಕ್ಕಾಯ ಮರ ಹತ್ತಿದ್ದು, ಯೇಸುಸ್ವಾಮಿ ತಲೆಯೆತ್ತಿ ಅವನ ಹೆಸರು ಹಿಡಿದು ಕರೆದದ್ದು, ಅವನು ಸಂತೋಷದಿಂದ ಇಳಿದು ಬಂದು ಮನೆಗೆ ಕರೆದುಕೊಂಡು ಹೋದದ್ದು, ಎಲ್ಲಾ ಚೆನ್ನಾಗಿ ಹೇಳಿದೆ. ಪ್ರಾರ್ಥನೆಗೆ ಕಣ್ಣು ಮುಚ್ಚುವ ಹೊತ್ತಿಗೆ ಮೂಲೆಯಲ್ಲಿ ಕೂತಿದ್ದ ಒಬ್ಬ ಅಜ್ಜಿ ಕೇಳಿದರು: "ಮತ್ತೆ ಅವನು ಆ ಹಣ ವಾಪಸ್ ಕೊಡುತ್ತೇನೆ ಅಂದದ್ದು ನೀನು ಹೇಳಲೇ ಇಲ್ಲ ಅಲ್ವಾ ಮಗಾ?"

ಯಾರಿಗಾದರೂ ಮೋಸ ಮಾಡಿದ್ದರೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಅಂತ ಜಕ್ಕಾಯ ಹೇಳುವ ಎಂಟನೇ ವಚನ. ಅದನ್ನು ನಾನು ಮರೆತಿರಲಿಲ್ಲ. ಮನೆಯಲ್ಲಿ ತಯಾರಿ ಮಾಡುವಾಗಲೇ ಬಿಟ್ಟಿದ್ದೆ. ಯಾಕೆ ಬಿಟ್ಟೆ ಅಂತ ಆ ರಾತ್ರಿ ಮಲಗಿದ ಮೇಲೆ ನನಗೆ ಗೊತ್ತಾಯಿತು.

ನಮ್ಮದು ಸ್ವಿಟ್ಜರ್‌ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹಿನ್ನೆಲೆಯ ಮನೆತನ. 1834ರ ಅಕ್ಟೋಬರ್ 30ರಂದು ಮೂರು ಜನ ಮಿಷನರಿಗಳು ಮಂಗಳೂರಿನಲ್ಲಿ ಬಂದಿಳಿದರು. ಮಿಷನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ನನ್ನ ಅಜ್ಜ ಹೆಂಚಿನ ಕೆಲಸದಲ್ಲೇ ಬದುಕು ಕಟ್ಟಿಕೊಂಡವರು. ಆ ಮಿಷನಿನ ಬೇರು ದಕ್ಷಿಣ ಜರ್ಮನಿಯ ಪಯಟಿಸಂ ಎಂಬ ಭಕ್ತಿ ಚಳವಳಿಯಲ್ಲಿತ್ತು. ಅಲ್ಲಿ ಊರಿಗೆ ಊರೇ ಕ್ರೈಸ್ತರು. ಹುಟ್ಟಿದ ಕೂಡಲೇ ದೀಕ್ಷಾಸ್ನಾನ, ಭಾನುವಾರ ಆರಾಧನೆ, ಮಿಕ್ಕ ದಿನ ಎಲ್ಲರ ಹಾಗೇ ಬದುಕು. ಹಾಗಾದರೆ ಸಾಲದು, ಒಬ್ಬೊಬ್ಬನ ಮನಸ್ಸೂ ತಿರುಗಬೇಕು ಎಂದು ಹಟ ಹಿಡಿದವರು ಅವರು. ಅವರಿಂದ ಸುವಾರ್ತೆ ಪಡೆದ ಮನೆತನದ ನಾಲ್ಕನೇ ತಲೆಮಾರಿನವನು ನಾನು. ಅವರು ಯಾವುದನ್ನು ಸಾಲದು ಅಂದರೋ ಅದನ್ನೇ 30 ವರ್ಷ ಮಾಡಿಕೊಂಡು ಬಂದಿದ್ದೆ.

ಹೊರಗಿನಿಂದ ನೋಡಿದರೆ ಯಾವ ಕೊರತೆಯೂ ಇರಲಿಲ್ಲ. ಕಾಯರ್‌ನಲ್ಲಿ ಹಾಡುತ್ತಿದ್ದೆ. ಸಭೆಯ ಕಮಿಟಿಯಲ್ಲಿದ್ದೆ. ಆರಾಧನೆಯಲ್ಲಿ ಪಾಠ ಓದುತ್ತಿದ್ದೆ. ಬೆಳೆ ಹಬ್ಬದ ಏಲಂನಲ್ಲಿ ಒಂದು ಬಾಳೆಗೊನೆಯನ್ನು 5,000 ರೂಪಾಯಿಗೆ ಕೂಗಿ ತೆಗೆದುಕೊಂಡಿದ್ದೇನೆ. ಏಲಂನ ಹಣ ಸಭೆಗೇ ಹೋಗುತ್ತದೆ, ಅದರಲ್ಲಿ ತಪ್ಪಿಲ್ಲ. ಆದರೆ ನಾನು ಕೂಗಿದ್ದು ಜನ ತಿರುಗಿ ನೋಡಲಿ ಅಂತ.

ಇನ್ನು ಬಿಟ್ಟ ವಚನದ ವಿಷಯ. ನಮ್ಮ ತಂದೆ 1998ರಲ್ಲಿ ತೀರಿಕೊಂಡರು, ಉಯಿಲು ಬರೆದಿರಲಿಲ್ಲ. ಮನೆ ಮತ್ತು 10 ಸೆಂಟ್ಸ್ ಜಾಗ ಇತ್ತು. 2006ರಲ್ಲಿ ಅಮ್ಮನೂ ಹೋದರು. ಉಳಿದವರು ನಾನು, ತಂಗಿ. 2007ರಲ್ಲಿ ತಂಗಿಯನ್ನು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ ಆಸ್ತಿಯ ಹಕ್ಕು ಬಿಟ್ಟುಕೊಡುವ ರಿಲೀಸ್ ಡೀಡ್‌ಗೆ ಸಹಿ ಹಾಕಿಸಿದೆ. ಕೈಗೆ 1 ಲಕ್ಷ ರೂಪಾಯಿ ಕೊಟ್ಟೆ. "ಮದುವೆಗೆ ಚಿನ್ನ ಹಾಕಿದ್ದೇವಲ್ಲ, ಲೆಕ್ಕ ಸರಿಹೋಯಿತು" ಅಂದೆ. ಅವಳು ಏನೂ ಹೇಳಲಿಲ್ಲ.

ಕಾನೂನು ನನಗೆ ಗೊತ್ತಿತ್ತು. ನಮಗೆ ಅನ್ವಯವಾಗುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರಲ್ಲಿ ಮಗ, ಮಗಳು ಎಂಬ ಭೇದ ಇಲ್ಲ. ಉಯಿಲಿಲ್ಲದೆ ತಂದೆ ಹೋದರೆ ತಾಯಿಗೆ ಮೂರರಲ್ಲಿ ಒಂದು ಪಾಲು, ಉಳಿದದ್ದು ಮಕ್ಕಳಿಗೆ ಸಮಸಮ. ತಾಯಿಯ ಪಾಲೂ ಆಮೇಲೆ ಸಮಸಮ. ಅಂದರೆ ನಮ್ಮ ಲೆಕ್ಕದಲ್ಲಿ ತಂಗಿಗೆ ಸರಿಯಾಗಿ ಅರ್ಧ. ಕೇರಳದಲ್ಲಿ ತಿರುವಾಂಕೂರಿನ ಹಳೇ ಕಾನೂನಿನಿಂದ ಸಿರಿಯನ್ ಕ್ರೈಸ್ತ ಹೆಣ್ಣುಮಕ್ಕಳಿಗೆ ಕಡಿಮೆ ಪಾಲು ಸಿಗುತ್ತಿತ್ತು. ಮೇರಿ ರಾಯ್ ಅದರ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋಗಿ 1986ರಲ್ಲಿ ಗೆದ್ದರು. ನಮ್ಮಲ್ಲಿ ಆ ಹೋರಾಟವೇ ಬೇಕಿರಲಿಲ್ಲ, ಕಾನೂನು ಮೊದಲಿನಿಂದ ಹೆಣ್ಣುಮಕ್ಕಳ ಪರ ಇತ್ತು. ಪಾಲು ತಪ್ಪಿಸುತ್ತಿದ್ದದ್ದು ನನ್ನಂಥ ಅಣ್ಣಂದಿರು.

2014ರಲ್ಲಿ 5 ಸೆಂಟ್ಸ್ ಜಾಗವನ್ನು 30 ಲಕ್ಷಕ್ಕೆ ಮಾರಿದೆ. ಅದರಲ್ಲಿ 2 ಲಕ್ಷ ದೇವಾಲಯದ ಮಾಡಿನ ರಿಪೇರಿಗೆ ಕೊಟ್ಟೆ. ಕೊಟ್ಟವರ ಹೆಸರಿನ ಅಮೃತಶಿಲೆಯ ಹಲಗೆಯಲ್ಲಿ ನನ್ನ ಹೆಸರು ಮೂರನೆಯದು. ಮಾರ್ಕ 7ರಲ್ಲಿ ಯೇಸುಸ್ವಾಮಿ ಕೊರ್ಬಾನ್ ವಿಷಯ ಎತ್ತುತ್ತಾರೆ. ತಂದೆತಾಯಿಗೆ ಸಲ್ಲಬೇಕಾದ್ದನ್ನು 'ಇದು ದೇವರಿಗೆ ಇಟ್ಟದ್ದು' ಅಂತ ಹೇಳಿ ಕೈಬಿಡುವವರನ್ನು ಅಲ್ಲಿ ಕಟುವಾಗಿ ಖಂಡಿಸುತ್ತಾರೆ. ಆ ಭಾಗವನ್ನು ನಾನು ದೇವಾಲಯದಲ್ಲಿ ಎಷ್ಟು ಸಲ ಓದಿದ್ದೇನೋ. ಆ ಹಲಗೆ ಇದ್ದದ್ದು ಓದುವ ಜಾಗದ ಎದುರು ಗೋಡೆಯಲ್ಲೇ.

ಕೂಟ ಆದ ಮೂರನೇ ದಿನ ಸಭಾಪಾಲಕರ ಹತ್ತಿರ ಹೋಗಿ ಎಲ್ಲಾ ಹೇಳಿದೆ. ಬರುವ ಭಾನುವಾರ ಸಭೆಯ ಮುಂದೆ ನಿಂತು ಸಾಕ್ಷಿ ಹೇಳುತ್ತೇನೆ ಅಂದೆ. ಅವರು ಬೇಡ ಅಂದರು. "ನೀವು ಮೋಸ ಮಾಡಿದ್ದು ಸಭೆಗಲ್ಲ. ಸಭೆಯ ಮುಂದೆ ಅತ್ತರೆ ಎಲ್ಲರೂ ನಿಮ್ಮನ್ನು ಹೊಗಳುತ್ತಾರೆ. ನಿಮ್ಮ ತಂಗಿಗೆ ಏನು ಸಿಗುತ್ತದೆ? ಮೊದಲು ಅಲ್ಲಿಗೆ ಹೋಗಿ." ಈ ಮಾತಿಗೆ ನಾನು ಯಾವತ್ತೂ ಋಣಿ. ಅವರು ತಡೆಯದಿದ್ದರೆ ನನ್ನ ಪಶ್ಚಾತ್ತಾಪವೂ ಇನ್ನೊಂದು ಬಾಳೆಗೊನೆಯ ಏಲಂ ಆಗಿಬಿಡುತ್ತಿತ್ತು. ಕಾಣಿಕೆ ತಂದಾಗ ಸಹೋದರನ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಅಂತ ಮತ್ತಾಯ 5ರಲ್ಲಿದೆ. ಅದು ದಾರಿ ಹಿಡಿದು ನಡೆಯಬೇಕಾದ ಮಾತು ಅಂತ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ತಂಗಿಯ ಹತ್ತಿರ ಹೋಗುವ ಮೊದಲು ಲೆಕ್ಕ ಹಾಕಿದೆ. ಸುಮ್ನೆ 'ಕ್ಷಮಿಸು' ಅನ್ನಲು ಹೋಗಬಾರದು, ಮೊತ್ತ ಕೈಯಲ್ಲಿರಬೇಕು ಅಂತ ತೀರ್ಮಾನಿಸಿದ್ದೆ. ವಕೀಲರನ್ನು ಕೇಳಿದರೆ, "ಅವರೇ ಸಹಿ ಹಾಕಿದ್ದಾರೆ, ನೀವು ಒಂದು ಪೈಸೆಯೂ ಕೊಡಬೇಕಾಗಿಲ್ಲ" ಅಂದರು. ಒಂದು ಕ್ಷಣ ನನಗೆ ಹಾಯೆನಿಸಿತು, ಅದನ್ನೂ ಬರೆಯಬೇಕು. ಮನೆಗೆ ಬಂದು ಯಾಜಕಕಾಂಡ 6 ತೆರೆದೆ. ಮೋಸದಿಂದ ಇಟ್ಟುಕೊಂಡದ್ದನ್ನು ಪೂರ್ತಿ ಹಿಂದಕ್ಕೆ ಕೊಟ್ಟು, ಅದರ ಮೇಲೆ ಐದರಲ್ಲಿ ಒಂದು ಪಾಲು ಸೇರಿಸಬೇಕು ಅಂತ ಅಲ್ಲಿದೆ. ಜಕ್ಕಾಯ ಹೇಳಿದ ನಾಲ್ಕರಷ್ಟು ನನ್ನ ಕೈಲಾಗುವ ಮಾತಾಗಿರಲಿಲ್ಲ. 30 ಲಕ್ಷದಲ್ಲಿ ತಂಗಿಯ ಅರ್ಧ 15. ಮೊದಲು ಕೊಟ್ಟ 1 ಲಕ್ಷ ಕಳೆದರೆ 14. ಐದನೇ ಒಂದು ಪಾಲು 2.8. ಒಟ್ಟು 16.8 ಲಕ್ಷ. ಮಿಕ್ಕ 5 ಸೆಂಟ್ಸ್ ಮತ್ತು ಮನೆಯಲ್ಲಿ ಅರ್ಧ ಬೇರೆ.

ಹೆಂಡತಿಗೆ ಹೇಳಿದಾಗ ಜಗಳ ಆಗಲಿಲ್ಲ, ಎರಡು ವಾರ ಮಾತೇ ಆಗಲಿಲ್ಲ. ಮಗಳ ಮದುವೆಗೆ ಇಟ್ಟಿದ್ದ ದುಡ್ಡು ಅದು. ಅವಳ ಸಿಟ್ಟು ನ್ಯಾಯವಾದದ್ದೇ. ಆಸ್ತಿ ತಿಂದವನು ನಾನು, ಕಷ್ಟ ಅವಳಿಗೂ. ಒಂದು ಬೆಳಿಗ್ಗೆ ತಿಂಡಿ ಬಡಿಸುವಾಗ ಎಫ್‌ಡಿ ಪತ್ರಗಳನ್ನು ತಟ್ಟೆಯ ಪಕ್ಕ ಇಟ್ಟಳು. 9 ಲಕ್ಷ. ಉಳಿದ 7.8 ಲಕ್ಷವನ್ನು ತಿಂಗಳಿಗೆ 13,000ದಂತೆ ಐದು ವರ್ಷ ಕೊಡುವುದು ಅಂತ ಇಬ್ಬರೂ ಕೂತು ಬರೆದೆವು. ಆ ವಾರವೇ ಕಮಿಟಿಗೆ ರಾಜೀನಾಮೆ ಕೊಟ್ಟೆ. ಕಾರಣ ಕೇಳಿದವರಿಗೆ ಮನೆಯ ಕೆಲಸ ಇದೆ ಅಂದೆ. ಅದು ನಿಜವೇ ಆಗಿತ್ತು.

ಮೇ ತಿಂಗಳಲ್ಲಿ ಉಡುಪಿಗೆ ತಂಗಿಯ ಮನೆಗೆ ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಪ್ರಾರ್ಥನೆ: ಅವಳ ಮುಂದೆ ನನ್ನನ್ನು ನಾನು ಸಮರ್ಥಿಸಿಕೊಳ್ಳದ ಹಾಗೆ ನನ್ನ ಬಾಯಿ ಕಾಯಪ್ಪಾ ಅಂತ. ಎಲ್ಲಾ ಹೇಳಿ ಲೆಕ್ಕದ ಹಾಳೆ ಕೊಟ್ಟೆ. ಬಡ್ಡಿ ಹಾಕಿದರೆ ಇನ್ನೂ ಜಾಸ್ತಿ ಆಗುತ್ತದೆ, ಅದನ್ನು ನಾನು ಸೇರಿಸಿಲ್ಲ ಅಂತಲೂ ಹೇಳಿದೆ. ಅವಳು ಹಾಳೆಯನ್ನು ಎರಡು ಸಲ ಓದಿದಳು.

"ಇಷ್ಟು ಸಾಕು," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಅಣ್ಣ, ಅವತ್ತು ಸಹಿ ಆದ ಮೇಲೆ ನೀನು ನನ್ನನ್ನು ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ ಹೋದೆ. ಮಧ್ಯಾಹ್ನ ಎರಡು ಗಂಟೆ. ಊಟ ಆಯಿತಾ ಅಂತಲೂ ಕೇಳಲಿಲ್ಲ" ಅಂದಳು.

15 ವರ್ಷ ಅವಳು ಹೊತ್ತುಕೊಂಡು ಬಂದದ್ದು ಅದನ್ನು. ಅದಕ್ಕೆ ನನ್ನ ಹಾಳೆಯಲ್ಲಿ ಲೆಕ್ಕ ಇರಲಿಲ್ಲ. ಯಾಜಕಕಾಂಡದ ಐದನೇ ಒಂದು ಪಾಲು ಬಹುಶಃ ಇಂಥದ್ದಕ್ಕೇ ಇರಬೇಕು, ಆದರೂ ಅದು ಮುಟ್ಟುವುದಿಲ್ಲ. ಕ್ಷಮಿಸಿದೆ ಅಂತ ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದ್ದರೆ ಅದೂ ಅವಳಿಂದ ಇನ್ನೊಂದು ಸಹಿ ಹಾಕಿಸಿಕೊಂಡ ಹಾಗೆ.

ಮನೆಯ ಅರ್ಧ ಭಾಗವನ್ನು ಅವಳ ಹೆಸರಿಗೆ ಮಾಡಿದ್ದು ಆ ವರ್ಷದ ಕೊನೆಯಲ್ಲಿ. ಕಾಗದದಲ್ಲಿ ಅದಕ್ಕೆ 'ದಾನಪತ್ರ' ಅಂತ ಹೆಸರು. ಆ ಪದ ನನ್ನನ್ನು ಬಹಳ ಚುಚ್ಚಿತು. ಅವಳದ್ದೇ ಅವಳಿಗೆ ಕೊಡುವುದು ದಾನ ಹೇಗಾಗುತ್ತದೆ? ಬೇರೆ ದಾರಿ ಇಲ್ಲ ಅಂದರು, ಸಹಿ ಹಾಕಿದೆ.

ಹಣ ಕೊಟ್ಟು ರಕ್ಷಣೆ ಕೊಂಡುಕೊಂಡೆ ಅಂತ ಯಾರೂ ತಿಳಿಯಬಾರದು. ಯೇಸುಸ್ವಾಮಿ 'ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು' ಅಂದದ್ದು ಮೊದಲು. ಜಕ್ಕಾಯ ಹಣದ ಮಾತೆತ್ತಿದ್ದು ಆಮೇಲೆ. ನನಗೂ ಹಾಗೇ ಆಯಿತು. ಆ ಅಜ್ಜಿಯ ಪ್ರಶ್ನೆಯಲ್ಲಿ ಕರ್ತನು ನನ್ನ ಮನೆ ಬಾಗಿಲಿಗೆ ಬಂದಿದ್ದನು ಅಂತ ನಾನು ನಂಬುತ್ತೇನೆ.

ಈಗ ಭಾನುವಾರ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಕರ್ತನ ಭೋಜನಕ್ಕೆ ಮುಂದೆ ಹೋಗುವಾಗ ಕಾಲು ಮೊದಲಿನಷ್ಟು ಬೇಗ ಏಳುವುದಿಲ್ಲ. ಪ್ರತಿ ತಿಂಗಳ 5ನೇ ತಾರೀಕು ಬ್ಯಾಂಕಿನಿಂದ 13,000 ಹಾಕುತ್ತೇನೆ. 2027ರ ಡಿಸೆಂಬರ್‌ಗೆ ಮುಗಿಯುತ್ತದೆ. ಹಾಕಿದ ಮೇಲೆ ತಂಗಿಯಿಂದ ಮೆಸೇಜ್ ಬರುತ್ತದೆ: "ಬಂತು." ಎಷ್ಟೋ ತಿಂಗಳು ಆ ಒಂದೇ ಪದ. ಮೊನ್ನೆ ಅದರ ಕೆಳಗೆ ಇನ್ನೊಂದು ಸಾಲು ಇತ್ತು: "ಅತ್ತಿಗೆಯ ಮಂಡಿನೋವು ಹೇಗಿದೆ?"