ಶೇಂಗಾ ಜೊಳ್ಳಾಗದಂತೆ ಗೊಬ್ಬರ ಹೊಂದಿಸಿದ ನನ್ನ ಅನುಭವ

ಚಳ್ಳಕೆರೆ ಸೀಮೆಯ ಕೆಂಪು ಮಣ್ಣಿನಲ್ಲಿ ಮಳೆಯನ್ನೇ ನಂಬಿ ಶೇಂಗಾ ಬೆಳೆಯುವ ನಾನು, ಮಳೆಯ ಕೊರತೆಯೊಂದರಿಂದಲೇ ಕಾಯಿ ಜೊಳ್ಳಾಗುತ್ತದೆ ಎಂಬ ಮಾತನ್ನು ಒಪ್ಪುವುದಿಲ್ಲ. ಮಳೆ ಸರಿಯಾಗಿ ಬಂದ ವರ್ಷವೂ ಗಂಧಕ ಮತ್ತು ಸುಣ್ಣದ ಅಂಶ (ಕ್ಯಾಲ್ಸಿಯಂ) ಕಡಿಮೆಯಿರುವ ಹೊಲದಲ್ಲಿ ಬಳ್ಳಿ ಸೊಂಪಾಗಿದ್ದು ಕಾಯಿಯೊಳಗೆ ಬೀಜ ತುಂಬದಿರುವುದನ್ನು ಕಂಡಿದ್ದೇನೆ.

ಮಳೆಯಾಶ್ರಿತ ಬೆಳೆಗೆ ನಾನು ಆಧಾರವಾಗಿ ಇಟ್ಟುಕೊಂಡಿರುವ ಲೆಕ್ಕ ಎಕರೆಗೆ 10 ಕಿ.ಗ್ರಾಂ ಸಾರಜನಕ, 20 ಕಿ.ಗ್ರಾಂ ರಂಜಕ, 10 ಕಿ.ಗ್ರಾಂ ಪೊಟ್ಯಾಷ್, ಮಣ್ಣು ಪರೀಕ್ಷೆಯ ಚೀಟಿ ನೋಡಿ ಇದನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತೇನೆ. 50 ಕಿಲೋದ ಒಂದು ಚೀಲ ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್) ಗೊಬ್ಬರ ಹಾಕಿದರೆ 9 ಕಿಲೋ ಸಾರಜನಕವೂ 23 ಕಿಲೋ ರಂಜಕವೂ ಸಿಗುವುದರಿಂದ ಕೆಲಸ ಮುಗಿದಂತೆ ಕಾಣುತ್ತದೆ, ಆದರೆ ಅದರಲ್ಲಿ ಪೊಟ್ಯಾಷ್ ಇಲ್ಲ, ಗಂಧಕವೂ ಇಲ್ಲ. ಎಣ್ಣೆಕಾಳಿಗೆ ಗಂಧಕವಿಲ್ಲದೆ ನಡೆಯದು. ಸಾಸಿವೆ ಬೆಳೆಯುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಹಾಗಾಗಿ ರಂಜಕವನ್ನು ನಾನು ಸಿಂಗಲ್ ಸೂಪರ್ ಫಾಸ್ಫೇಟಿನಿಂದಲೇ ಕೊಡುತ್ತೇನೆ. ಎಕರೆಗೆ ಎರಡೂವರೆ ಚೀಲ ಸೂಪರ್ ಹಾಕಿದರೆ ಬೇಕಾದ 20 ಕಿಲೋ ರಂಜಕದ ಜೊತೆಗೆ ಸುಮಾರು 14 ಕಿಲೋ ಗಂಧಕವೂ ಮಣ್ಣಿಗೆ ಸೇರುತ್ತದೆ. ಅದರೊಡನೆ 22 ಕಿಲೋ ಯೂರಿಯಾ, ಪೊಟ್ಯಾಷ್‌ಗಾಗಿ 17 ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರ ಸಾಕು. ಚೀಲ ಹೊರುವ ಕೆಲಸ ಹೆಚ್ಚುತ್ತದೆ ಎಂಬುದು ನಿಜ.

ಯೂರಿಯಾ ಇದಕ್ಕಿಂತ ಹೆಚ್ಚಾದರೆ ಬಳ್ಳಿ ಬೆಳೆಯುತ್ತದೆಯೇ ಹೊರತು ಕಾಯಿಯಲ್ಲ. ಬೇರಿನ ಗಂಟಿನಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ರೈಜೋಬಿಯಂ ಎಂಬ ಸೂಕ್ಷ್ಮಾಣುವನ್ನು ಬೀಜಕ್ಕೆ ಲೇಪಿಸಿ ಬಿತ್ತಿದ ಗಿಡವನ್ನು ಹೂ ಬಿಡುವ ಹೊತ್ತಿಗೆ ಕಿತ್ತು, ಬೇರಿನ ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ಕೆಂಪಗಿದ್ದರೆ ಗಿಡ ತನ್ನ ಸಾರಜನಕವನ್ನು ತಾನೇ ಹೊಂದಿಸಿಕೊಳ್ಳುತ್ತಿದೆ ಎಂದು ತಿಳಿಯುತ್ತೇನೆ. ಎಲೆ ಹಳದಿಯಾದ ತಕ್ಷಣ ಯೂರಿಯಾ ಎರಚುವುದೂ ಸರಿಯಲ್ಲ: ಸಾರಜನಕದ ಕೊರತೆ ಕೆಳಗಿನ ಹಳೆಯ ಎಲೆಗಳಲ್ಲಿ, ಗಂಧಕದ ಕೊರತೆ ತುದಿಯ ಎಳೆಯ ಎಲೆಗಳಲ್ಲಿ ಮೊದಲು ತೋರುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಕ್ಯಾಲ್ಸಿಯಂ ಮತ್ತು ಗಂಧಕ ಎರಡೂ ಇರುವ ಜಿಪ್ಸಂ. ಬೇರು ಹೀರಿದ ಕ್ಯಾಲ್ಸಿಯಂ ನೀರಿನೊಂದಿಗೆ ಎಲೆಗೆ ಏರುತ್ತದೆ, ಅಲ್ಲಿಂದ ಮತ್ತೆ ಕಾಯಿಗೆ ಇಳಿದು ಬರುವುದಿಲ್ಲ. ಮಣ್ಣಿನೊಳಗೆ ಬಲಿಯುವ ಕಾಯಿ ತನಗೆ ಬೇಕಾದ ಸುಣ್ಣವನ್ನು ತನ್ನ ಸಿಪ್ಪೆಯ ಮೂಲಕ ಸುತ್ತಲಿನ ಮಣ್ಣಿನಿಂದಲೇ ಪಡೆಯಬೇಕು. ಆದ್ದರಿಂದ ಜಿಪ್ಸಂ ಕಾಯಿ ಕಟ್ಟುವ ಮೇಲ್ಪದರದಲ್ಲೇ ಇರಬೇಕು. ಬಿತ್ತಿದ 30ರಿಂದ 35 ದಿನಗಳಲ್ಲಿ, ನೆಲ ಹಸಿಯಿರುವಾಗ, ಎಕರೆಗೆ 200 ಕಿಲೋ ಜಿಪ್ಸಂ ಪುಡಿಯನ್ನು ಸಾಲಿನ ಗಿಡಗಳ ಬುಡಕ್ಕೆ ಹಾಕಿ, ಎಡೆಕುಂಟೆ ಹೊಡೆದು ಮಣ್ಣು ಏರಿಸುತ್ತೇನೆ. ಹೂವಿನ ಬುಡದಿಂದ ಹೊರಟು ಮುಂದೆ ಕಾಯಿ ಕಟ್ಟುವ ಮೊನೆಗಳು ನೆಲಕ್ಕೆ ಇಳಿದ ಮೇಲೆ ಕುಂಟೆ ಹಾಯಿಸಿದರೆ ಅವು ಕಿತ್ತುಹೋಗುತ್ತವೆ. ಆಮೇಲೆ ಬಂದ ಕಳೆಯನ್ನು ಕೈಯಿಂದಲೇ ತೆಗೆಸುತ್ತೇನೆ.

ಪೊಟ್ಯಾಷನ್ನು ಮಾತ್ರ ಮೇಲುಗೊಬ್ಬರವಾಗಿ ಎರಚುವುದಿಲ್ಲ. ಕಾಯಿಯ ಸುತ್ತ ಅದು ಹೆಚ್ಚಾದರೆ ಕ್ಯಾಲ್ಸಿಯಂ ಹೀರುವಿಕೆಗೆ ಅಡ್ಡಿಯಾಗಿ ಜೊಳ್ಳು ಹೆಚ್ಚುತ್ತದೆ, ಅದಕ್ಕಾಗಿ ಬಿತ್ತನೆಗೆ ಮೊದಲೇ ಮಣ್ಣಿನ ಆಳಕ್ಕೆ ಸೇರಿಸುತ್ತೇನೆ. ಕಿತ್ತ ಬಳಿಕ ಹೊಲದ ನಾಲ್ಕಾರು ಕಡೆಯ ಕಾಯಿ ಸುಲಿದು, ಬೀಜದ ಬೇಳೆ ಬಿಡಿಸಿ ನೋಡುವ ರೂಢಿಯಿದೆ. ಬೇಳೆಯ ನಡುವೆ ಕುಳಿ ಬಿದ್ದು ಕಂದಾಗಿದ್ದರೆ ಅದು ಬೋರಾನ್ ಕೊರತೆ. ಅಂಥ ಹೊಲಕ್ಕೆ ಮುಂದಿನ ಬಿತ್ತನೆಗೆ ಮುನ್ನ ಮಣ್ಣು ಪರೀಕ್ಷೆ ಮಾಡಿಸದೆ ಬೋರಾನ್ ಕೊಡುವ ಬೋರಾಕ್ಸ್ ಹಾಕುವುದಿಲ್ಲ, ಏಕೆಂದರೆ ಅದು ಸ್ವಲ್ಪ ಹೆಚ್ಚಾದರೂ ಗಿಡಕ್ಕೆ ವಿಷವಾಗುತ್ತದೆ.